ಮರ ವಾಸಪ್ಪನದು, ನಳಿಗೆ ಯಾರದು?

ಗಜದ ತಲೆ ಕೋವಿಯ ಬಾಯಿಂದ ನಾಲ್ಕು ಬೆರಳು ಮೇಲೆಯೇ ನಿಂತುಬಿಟ್ಟಿತು.

ಕೋರ್ಟಿನ ಮುದ್ದೆಮಾಲು ಕೋಣೆಯ ಗುಮಾಸ್ತರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಬಾಗಿಲಾಚೆ ಹೋಗಿ ಕೂತರು. ಅವರದೇನೂ ತಪ್ಪಿಲ್ಲ. ಕೇಪಿನ ಕೋವಿಗೆ ಬಾಯಿಂದಲೇ ಮದ್ದು, ತೆಂಗಿನ ನಾರಿನ ಕತ್ತ, ಗುಂಡು ತುಂಬಬೇಕು. ಅದನ್ನು ಜಡಿಯುವ ಸರಳೇ ಗಜ. ಖಾಲಿ ಕೋವಿಗೆ ಇಳಿಸಿದರೆ ಗಜದ ತಲೆ ಬಾಯಿಗೆ ಸಮ ನಿಲ್ಲುತ್ತದೆ. ಮೇಲೆ ನಿಂತರೆ, ನಿಂತಷ್ಟು ಬೆರಳು ಮದ್ದುಗುಂಡಿನ ಈಡು ಒಳಗಿದೆ ಎಂದು ಅರ್ಥ.

“ಲೋಡ್ ಆಗೈತೇನ್ರೀ ಇದು?” ಎಂದರು ಎಸ್‌ಐ ಶಿವಶಂಕರಪ್ಪ. ಬಯಲುಸೀಮೆಯ ಮನುಷ್ಯ. ಇಲ್ಲಿಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಷ್ಟೆ.

“ಆರು ತಿಂಗಳಿಂದ ನಿಮ್ಮ ಸೀಲಿನೊಳಗೇ ಇದ್ದ ಕೋವಿ ಸಾರ್. ನೀವೇ ಹೇಳ್ಬೇಕು,” ಎಂದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಂಪದಾ ವಕೀಲರ ಹತ್ತಿರ ಹೋದರೆ ಮೊದಲು ಬೈಸಿಕೊಳ್ಳಬೇಕು ಎಂದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೇ ಹೇಳುತ್ತಾರಂತೆ. ಹೇಳಲಿ. ಗಜ ಹೊರಗೆ ತೆಗೆದೆ, ಕೇಪಿಗೆ ಬಡಿಯುವ ಕುದುರೆ ಎತ್ತಿದೆ, ನಳಿಗೆಗೆ ಬಾಯಿಟ್ಟು ಊದಿದೆ. ಕೇಪು ಕೂರಿಸುವ ತೊಟ್ಟಿನ ತೂತಿನಿಂದ ಹಳೆಯ ಮಸಿ ಹಾರಿ ಶಿವಶಂಕರಪ್ಪನವರ ಇಸ್ತ್ರಿ ಅಂಗಿಯ ಮೇಲೆ ಕೂತಿತು. ಗಾಳಿ ಸಲೀಸಾಗಿ ಹಾದಿತ್ತು. ಒಳಗೆ ಏನೂ ಇರಲಿಲ್ಲ.

ಅಂದರೆ ಗಜ ಉದ್ದವಿತ್ತು, ಇಲ್ಲವೇ ನಳಿಗೆ ಗಿಡ್ಡವಿತ್ತು.

“ಗಜ ನಮ್ಮದೇ,” ಎಂದರು ಯಮುನಮ್ಮ. ವಾಸಪ್ಪನ ಹೆಂಡತಿ. ಗಂಡ ಸತ್ತ ಮರುದಿನ ಪೊಲೀಸರು ಒಯ್ದ ಕೋವಿಯನ್ನು ಅವರು ಮತ್ತೆ ಕಂಡದ್ದು ಅವತ್ತೇ. “ತುದಿಗೆ ತಾಮ್ರದ ಸುತ್ತು ಹಾಕಿದ್ದು ನಮ್ಮ ಮಾವ. ಹಿಡಿಯೋ ಮರಾನೂ ನಮ್ಮದೇ, ಹಿತ್ತಾಳೆ ಬಿಲ್ಲೆ ಮೇಲೆ ಲೈಸೆನ್ಸ್ ನಂಬರಿದೆ ನೋಡಿ. ಆದ್ರೆ ನಳಿಗೆ ನಮ್ಮದಲ್ಲ ಲಾಯರಮ್ಮ.”

“ಹೆಂಗೆ ಹೇಳ್ತೀರಿ?”

“ಆಯುಧ ಪೂಜೆ ದಿನ ನಾನೇ ಎಣ್ಣೆ ಹಾಕಿ ಒರೆಸಿ, ಗಜ ಇಳಿಸಿ ನೋಡಿ, ಕುಂಕುಮ ಇಟ್ಟಿದೀನಿ. ಸಮ ನಿಂತಿತ್ತು. ಅದಾಗಿ ತಿಂಗಳೊಪ್ಪತ್ತಿನಲ್ಲಿ ಅವರು ಹೋದ್ರು.” ಅವರು ಕೈ ಮುಂದೆ ಚಾಚಿದರು. “ನಮ್ಮ ನಳಿಗೆಗೆ ನನ್ನ ಕಿರುಬೆರಳು ಹೋಗೋದೇ ಕಷ್ಟ. ಇದಕ್ಕೆ ನೋಡಿ.”

ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು. ನಾನು ಕಡತದಲ್ಲಿ ಶವಪರೀಕ್ಷೆಯ ವರದಿ ಹುಡುಕಿದೆ.

ಯಾಕೆಂದರೆ ವಾಸಪ್ಪನ ಎದೆಯಲ್ಲಿ ಸಿಕ್ಕಿದ ಸೀಸದ ಗುಂಡು ಅಷ್ಟೇ ದಪ್ಪವಿತ್ತು. ಕಾರ್ತಿಕದ ಒಂದು ಸಂಜೆ ಯಮುನಮ್ಮನ ತಮ್ಮ ಕಿರಣ ಭಾವನ ಕೋವಿ ಹಿಡಿದು ಗದ್ದೆಗೆ ಹಂದಿ ಕಾಯಲು ಹೋಗಿದ್ದ. ಒಂದು ಈಡು ಕೇಳಿತು. ವಾಸಪ್ಪ ಅಂಚಿನ ಮೇಲೆ ಸತ್ತು ಬಿದ್ದಿದ್ದ. “ನಾನು ಈಡು ಹೊಡೆದೇ ಇಲ್ಲ” ಎಂದು ಕಿರಣ ಎಷ್ಟು ಹೇಳಿದರೂ ಕೋವಿಯ ಬಾಯಲ್ಲಿ ಹಸಿ ಮಸಿ ಇತ್ತು, ಗುಂಡು ನಳಿಗೆಗೆ ಹೊಂದುತ್ತಿತ್ತು. ಅಷ್ಟು ಸಾಕಾಯಿತು. ಅವನು ಆರು ತಿಂಗಳಿಂದ ಜೈಲಿನಲ್ಲಿದ್ದಾನೆ. ಅವನ ವಕೀಲೆ ನಾನು. ಸೋಮವಾರ ವಿಚಾರಣೆ ಶುರು.

“ವಾಸಪ್ಪನ ನಿಜವಾದ ನಳಿಗೆಗೆ ಆ ಗುಂಡು ಇಳಿಯೋದೇ ಇಲ್ಲ ಸಾರ್,” ಎಂದೆ. “ಕೊಂದವನು ತನ್ನ ಕೋವಿಯಲ್ಲಿ ಕೊಂದ. ಆಮೇಲೆ ತನ್ನ ನಳಿಗೆ ಬಿಚ್ಚಿ ಈ ಮರಕ್ಕೆ ಕೂರಿಸಿದ. ಇದರ ನಳಿಗೆ ತಗೊಂಡು ಹೋದ.”

“ವಾಸಪ್ಪನೇ ಬದಲಿ ನಳಿಗೆ ಹಾಕ್ಸಿರಬಹುದು. ಈಯಮ್ಮ ತಮ್ಮನ್ನ ಉಳಿಸ್ಕಳಾಕೆ ಹೇಳ್ತಿರಬಹುದು. ಜಡ್ಜು ಮೊದಲು ಕೇಳೋದು ಅದನ್ನೇ.”

ಮನುಷ್ಯ ನಿಧಾನಿ, ಆದರೆ ಹೇಳಿದ್ದು ಸರಿಯಾಗಿತ್ತು. ಹೆಂಡತಿಯ ಕಿರುಬೆರಳನ್ನು ಸಾಕ್ಷಿ ಎಂದು ಯಾವ ಕೋರ್ಟೂ ಒಪ್ಪುವುದಿಲ್ಲ. ಎರಡೇ ದಾರಿ. ವಾಸಪ್ಪನ ನಳಿಗೆ ಸಿಗಬೇಕು, ಇಲ್ಲವೇ ಈ ನಳಿಗೆಯ ಯಜಮಾನ ಸಿಗಬೇಕು.

ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮರದಲ್ಲಿ ಕೊರೆದ ಹಳ್ಳದಲ್ಲಿ ನಳಿಗೆ ಸರಿಯಾಗಿ ಕೂತಿರಲಿಲ್ಲ. ಒಂದು ಪಕ್ಕದ ಸಂದಿಗೆ ಅಡಕೆ ಹಾಳೆಯ ಚೂರು ಮಡಿಸಿ ತುರುಕಿತ್ತು. ನಂಬರು ಇರಬೇಕಾದ ಜಾಗವನ್ನು ಅರದಿಂದ ಉಜ್ಜಿದ್ದರು. ಬಾಯಿಯ ಹತ್ತಿರ, ಗುರಿ ನೋಡುವ ಜಾಗದಲ್ಲಿ, ಕೆಂಪಗೆ ಏನೋ ಅಂಟಿತ್ತು. ಉಗುರಿನಿಂದ ಕೆರೆದೆ. ಅರಗು. ಅದರ ನಡುವೆ ಕಾಳುಮೆಣಸಿನಷ್ಟು ದೊಡ್ಡ ಗುಳಿ. ಅಲ್ಲಿ ಏನೋ ಕೂತಿತ್ತು. ಯಾರೋ ಅದನ್ನು ಕಿತ್ತಿದ್ದರು.

“ನಮ್ಮೋರು ಗುರಿಗೆ ಎಂತನೂ ಅಂಟಿಸ್ತಿರಲಿಲ್ಲ,” ಎಂದರು ಯಮುನಮ್ಮ.

* * *

ಜೀಪು ನರಸಿಂಹರಾಜಪುರ ದಾಟುವಾಗ ಯಮುನಮ್ಮ ಮೆಲ್ಲಗೆ ಹೇಳಿದರು. “ಮೊನ್ನೆನೂ ಕೂಗ್ತು.”

ಏನು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಕಡಹಿನಬೈಲಿನಿಂದಾಚೆ, ಅಣೆಕಟ್ಟಿನ ಹಿನ್ನೀರಿನ ದಂಡೆಯ ಅವರ ಊರು ಹೊನ್ನೆಗದ್ದೆಯಲ್ಲಿ ಈಗ ಬೇರೆ ಮಾತೇ ಇರಲಿಲ್ಲ.

ನಮ್ಮ ಕಡೆ ಬೊಗಳಿದ್ದು ಯಾರ ಮನೆ ನಾಯಿ ಎಂದು ಗೊತ್ತಾಗುವ ಹಾಗೆ, ಈಡು ಬಿದ್ದರೆ ಯಾರ ಕೋವಿ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ವಾಸಪ್ಪನ ಕೋವಿಯ ಸದ್ದು ಇನ್ಯಾವುದಕ್ಕೂ ಇರಲಿಲ್ಲ. ಬಾಯಿಯ ಹತ್ತಿರ ಕೂದಲೆಳೆಯಷ್ಟು ಸೀಳು. ಢಂ ಎಂದ ಮೇಲೆ ಊಂ ಎಂದು ಸಣ್ಣಗೆ ಎಳೆಯುತ್ತಿತ್ತು, ಯಾರೋ ಗುಡ್ಡದಾಚೆಯಿಂದ ಕರೆದಂತೆ. ವಾಸಪ್ಪ ಸತ್ತ ಸಂಜೆ ಕೇಳಿದ ಈಡಿಗೆ ಆ ಎಳೆತ ಇರಲಿಲ್ಲ. ಯಮುನಮ್ಮ ಅದನ್ನು ಪೊಲೀಸರಿಗೆ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ಆ ಎಳೆತ ಮತ್ತೆ ಕೇಳುತ್ತಿತ್ತು. ವಾರ ಹದಿನೈದು ದಿನದಿಂದ, ಹೊತ್ತು ಇಳಿಯುವಾಗ, ಗುಡ್ಡದ ಕಡೆಯಿಂದ.

ಅದೂ ಯಾವಾಗ? ಎರಡು ಸಾವಿರದ ಎಂಟರ ವಿಧಾನಸಭೆ ಚುನಾವಣೆಗೆಂದು ಹೋಬಳಿಯ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿದ ಮೇಲೆ. ಯಾರ ಮನೆಯಲ್ಲೂ ಕೋವಿಯಿಲ್ಲ. ವಾಸಪ್ಪನದು ಕೋರ್ಟಿನ ಬೀಗದೊಳಗಿದೆ. ಆದರೂ ಕೂಗುತ್ತದೆ.

“ಯಾವನೋ ಕಳ್ಳ ಬೇಟೆಯವನು,” ಎಂದರು ಶಿವಶಂಕರಪ್ಪ.

“ಊರಲ್ಲಿ ಸಂಜೆ ಮೇಲೆ ಯಾರೂ ಹೊರಗೆ ಬರಲ್ಲ ಸಾರ್,” ಎಂದರು ಯಮುನಮ್ಮ. “ನಮ್ಮ ಪಕ್ಕದ ಗದ್ದೆ ಧರ್ಮಪ್ಪಣ್ಣ ಭೂತನ ಕಟ್ಟೆಗೆ ಹಣ್ಣುಕಾಯಿ ಮಾಡ್ಸಿದ್ರು. ಅನ್ನನೇ ಸೇರಲ್ವಂತೆ ಅವರಿಗೆ.”

“ನಿಮ್ಮತ್ತೆ ಹೇಗಿದ್ದಾರೆ?” ಎಂದು ಕೇಳಿದೆ.

“ಅತ್ತೆ ಬಚ್ಚಲು ಒಲೆ ಹಚ್ತಾರೆ.”

ಗುಡ್ಡದಲ್ಲಿ ಈಡು ಕೇಳಿದರೆ, ಗಂಡಸರು ಇನ್ನೇನು ಬರುತ್ತಾರೆ ಎಂದು ಸ್ನಾನಕ್ಕೆ ನೀರು ಕಾಯಿಸುವುದು ಆ ಮನೆಯ ರೂಢಿ. ವಾಸಪ್ಪನ ತಾಯಿ ಗಿರಿಯಮ್ಮ ಐವತ್ತು ವರ್ಷ ಅದನ್ನು ಮಾಡಿದವರು, ಮೊದಲು ಗಂಡನಿಗೆ, ಆಮೇಲೆ ಮಗನಿಗೆ. ಗಂಡನಿಗೆ ಈಡು ತುಂಬಿ ಕೊಡುತ್ತಿದ್ದವರೂ ಅವರೇ. ಸತ್ತ ಮಗನ ಕೋವಿ ಕೂಗಿದಾಗಲೂ ಆ ಮನೆಯ ಬಚ್ಚಲಿನಿಂದ ಹೊಗೆ ಏಳುವುದನ್ನು ಊರು ನೋಡಿತ್ತು. ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ಆದರೆ ಆ ಹೊಗೆಯನ್ನು ನೆನೆದು ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

“ಇವತ್ತು ಮನೇಲಿದಾರಾ?”

“ಇಲ್ಲ, ಗುಡ್ಡಕ್ಕೆ ಹೋಗಿದಾರೆ. ಮುರುಗನಹುಳಿ ಹಣ್ಣು ಹೆಕ್ಕಕ್ಕೆ.”

* * *

ಠಾಣೆಯ ಹಿಂದಿನ ಕೋಣೆಯಲ್ಲಿ ಕೋವಿಗಳು ಗೋಡೆಗೆ ಒರಗಿ ನಿಂತಿದ್ದವು. ಪ್ರತಿಯೊಂದರ ಕುತ್ತಿಗೆಗೂ ಹೆಸರು ಬರೆದ ರಟ್ಟಿನ ಚೀಟಿ. ಒಳಗೆ ಎಣ್ಣೆ, ಕಬ್ಬಿಣ, ಹಳೆಯ ಮದ್ದಿನ ವಾಸನೆ. ಯಮುನಮ್ಮ ಹೊಸ್ತಿಲು ದಾಟಲಿಲ್ಲ.

ನಾನು ಹುಡುಕುತ್ತಿದ್ದುದು ನಳಿಗೆಯನ್ನಲ್ಲ, ಒಬ್ಬ ಮನುಷ್ಯನ ಅಭ್ಯಾಸವನ್ನು. ಮಬ್ಬಿನಲ್ಲಿ ಗುರಿ ಕಾಣಲೆಂದು ಒಬ್ಬೊಬ್ಬರು ಕೋವಿಯ ತುದಿಗೆ ಒಂದೊಂದು ಮಾಡುತ್ತಾರೆ. ಕೆಲವರು ಸುಣ್ಣ ಹಚ್ಚುತ್ತಾರೆ, ಕೆಲವರು ಹತ್ತಿ ಕಟ್ಟುತ್ತಾರೆ, ಹೆಚ್ಚಿನವರು ಏನೂ ಮಾಡುವುದಿಲ್ಲ. ನಳಿಗೆ ಬದಲಿಸಿದರೂ ಅಭ್ಯಾಸ ಬದಲಾಗುವುದಿಲ್ಲ.

ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಅದು ಸಿಕ್ಕಿತು. ಹೊಳೆಯುವ ಹೊಸ ನಳಿಗೆ. ತುದಿಯಲ್ಲಿ ಕೆಂಪು ಅರಗು. ಅರಗಿನ ನಡುವೆ ಕಾಳುಮೆಣಸಿನಷ್ಟು ಬಿಳಿ ಮಣಿ.

ಚೀಟಿ ತಿರುಗಿಸಿ ಓದಿದೆ. ಧರ್ಮಪ್ಪ, ಹೊನ್ನೆಗದ್ದೆ.

“ಡಿಸೆಂಬರಿನಾಗೆ ಅರ್ಜಿ ಕೊಟ್ಟಿದಾನೆ,” ಎಂದರು ಶಿವಶಂಕರಪ್ಪ, ಕಾನ್‌ಸ್ಟೇಬಲ್ ಹತ್ತಿರ ವಿಚಾರಿಸಿ ಬಂದು. “ಹಳೇ ನಳಿಗೆ ಒಡೀತು, ಬದಲಿ ಹಾಕಿಸ್ತೀನಿ ಅಂತ.” ಅವರ ದನಿ ಮೊದಲ ಸಲ ಸಣ್ಣದಾಗಿತ್ತು.

ಹೊಸ್ತಿಲಾಚೆಯಿಂದ ಯಮುನಮ್ಮ ಹೇಳಿದರು. “ಅವತ್ತು ಹೆಣ ಕಾದಿದ್ದು ಅವರೇ.”

ನನಗೆ ಅದು ಹೊಳೆದಿರಲೇ ಇಲ್ಲ. ನಮ್ಮಲ್ಲಿ ಪೊಲೀಸರು ಬರುವ ತನಕ ಹೆಣವನ್ನು ಒಂಟಿ ಬಿಡುವುದಿಲ್ಲ, ಊರಿನವರು ಯಾರಾದರೂ ಹತ್ತಿರ ಕೂರುತ್ತಾರೆ. ಕಿರಣ ಕೋವಿಯನ್ನು ಕಾವಲಿನ ಅಟ್ಟದಲ್ಲೇ ಬಿಟ್ಟು ಜನ ಕರೆಯಲು ಓಡಿದ್ದ. “ಹೆಂಗಸರು ಮಕ್ಕಳು ಮನೆಗೆ ನಡೀರಿ, ನಾನಿರ್ತೀನಿ” ಎಂದು ಧರ್ಮಪ್ಪ ಬೆಳಗಿನ ತನಕ ಅಲ್ಲೇ ಉಳಿದಿದ್ದ. ಅವನ ಒಳ್ಳೆಯತನವನ್ನು ಊರೆಲ್ಲ ಹೊಗಳಿತ್ತು. ಸತ್ತವನ ಪಕ್ಕದಲ್ಲಿ ಕೂತು, ಒಂದು ತಿರುಪು ಬಿಚ್ಚಿ, ಎರಡು ಬೆಣೆ ಕಿತ್ತು, ಸಾವಕಾಶವಾಗಿ ನಳಿಗೆ ಬದಲಿಸಲು ಅವನಿಗೆ ಬೇಕಾದಷ್ಟು ಹೊತ್ತಿತ್ತು.

* * *

ನಾವು ಹೋದಾಗ ಧರ್ಮಪ್ಪ ಅಂಗಳದಲ್ಲಿ ಹಲಸಿನ ಹಣ್ಣು ಬಿಡಿಸುತ್ತಿದ್ದ. ಮೇಣ ಅಂಟದಿರಲೆಂದು ಕೈಗೆಲ್ಲ ಎಣ್ಣೆ. ಬಿಸಿಲು ಗುಡ್ಡದ ನೆತ್ತಿಗೆ ಸರಿದಿತ್ತು. ಮನುಷ್ಯ ಅರ್ಧ ಆಗಿಹೋಗಿದ್ದ, ಅಂಗಿ ಹೆಗಲ ಮೇಲೆ ಜೋತಾಡುತ್ತಿತ್ತು.

“ಬನ್ನಿ ಲಾಯರಮ್ಮ. ಯಮುನ, ಕೂರು ಬಾ. ಸಾಹೇಬ್ರೆ, ತೊಳೆ ತಿನ್ನಿ, ಒಳ್ಳೆ ಜಾತಿ ಹಣ್ಣು.”

“ಆಮೇಲೆ ತಿನ್ನಾಣ,” ಎಂದರು ಶಿವಶಂಕರಪ್ಪ, ನಿಂತೇ.

ನಾನು ಜಗಲಿಯ ಕಟ್ಟೆಯ ಮೇಲೆ ಕೂತೆ. “ಧರ್ಮಪ್ಪನವರೇ, ನಿಮ್ಮ ಕೋವಿ ಮೇಲೆ ಬಿಳೀ ಮಣಿ ಯಾಕೆ?”

“ಸಂಜೆ ನನಗೆ ಕಣ್ಣು ಮಂಜು. ಮಣಿ ಇದ್ರೆ ಗುರಿ ಸಿಗುತ್ತೆ.”

“ಹಳೇ ನಳಿಗೆಗೂ ಇತ್ತಾ?”

“ಇತ್ತು. ಊರೋರಿಗೆಲ್ಲ ಗೊತ್ತು.”

“ಆ ನಳಿಗೆ ಎಲ್ಲಿ?”

“ಒಡೀತಲ್ಲ. ಗುಜರಿಗೆ ಹಾಕ್ದೆ.”

“ಒಡೆದಿಲ್ಲ. ಗುಜರಿಗೂ ಹೋಗಿಲ್ಲ. ನಾನು ಬೆಳಿಗ್ಗೆ ಅದಕ್ಕೆ ಬಾಯಿಟ್ಟು ಊದಿ ಬಂದಿದೀನಿ. ವಾಸಪ್ಪನ ಕೋವಿಯ ಮರದ ಮೇಲೆ ಕೂತಿದೆ. ನೀವು ಮಣಿ ಕಿತ್ತಿರಿ, ಅರಗು ಬಿಟ್ಟಿರಿ. ಕತ್ತಲೆಯಲ್ಲಿ ಕಾಣಿಸಲಿಲ್ಲ ಅಂತ ಕಾಣುತ್ತೆ.”

ಅವನ ಚೂರಿ ಹಣ್ಣಿನಲ್ಲೇ ನಿಂತಿತು. ಯಮುನಮ್ಮ ಅವನನ್ನೇ ನೋಡುತ್ತಿದ್ದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

“ಅರಗು ಯಾರ ಮನೇಲಿಲ್ಲ ಮಾರಾಯ್ರೆ,” ಎಂದ ಧರ್ಮಪ್ಪ. “ಕೆರೆ ನೀರಿನ ಸರದಿಗೆ ಅವನಿಗೂ ನನಗೂ ಮಾತಿಗೆ ಮಾತು ಬೆಳೆದಿದ್ದು ಹೌದು. ಅಷ್ಟಕ್ಕೆ ಯಾರಾದ್ರೂ ಕೊಲ್ತಾರಾ? ನಾನು ಅವನ ಹೆಣ ಕಾದವನು.”

“ಕಾದಿರಿ. ಕಾಯೋ ನೆವದಲ್ಲಿ ಅವನ ನಳಿಗೆ ಬಿಚ್ಚಿದಿರಿ.”

ಈಗ ಅವನು ತಲೆಯೆತ್ತಿದ. ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ. ಅದನ್ನು ನೋಡಿ ನನಗೇ ಅಧೈರ್ಯವಾಯಿತು.

“ಲಾಯರಮ್ಮ, ವಾಸಪ್ಪನ ನಳಿಗೆ ಅಂತ ಒಂದಿದ್ರೆ ತಗೊಂಡು ಬನ್ನಿ. ಇಲ್ಲೇ ಈ ಅಂಗಳದಲ್ಲಿ ಇಡಿ. ಆಮೇಲೆ ಮಾತಾಡನ.”

ಶಿವಶಂಕರಪ್ಪ ನನ್ನ ಮುಖ ನೋಡಿದರು. ಆ ನಳಿಗೆ ಇಲ್ಲದಿದ್ದರೆ ಸೋಮವಾರ ನನ್ನ ಕೈಯಲ್ಲಿ ಇರುವುದು ಒಂದು ಚಿಟಿಕೆ ಅರಗು. ಅಷ್ಟಕ್ಕೆ ಕಿರಣ ಹೊರಗೆ ಬರುವುದಿಲ್ಲ.

ಆಗ ಗುಡ್ಡದಲ್ಲಿ ಈಡು ಬಿತ್ತು.

ಢಂ ಎಂದಿತು. ಹಕ್ಕಿಗಳೆಲ್ಲ ಎದ್ದವು. ಅದರ ಬೆನ್ನಿಗೇ ಆ ಎಳೆತ ಬಂತು, ಊಂ ಎಂದು, ಸಣ್ಣಗೆ, ಉದ್ದಕ್ಕೆ, ಗದ್ದೆಯ ಮೇಲೆ ಹಾದು, ಅಂಗಳದ ಮೇಲೆ ಹಾದು, ಹಿನ್ನೀರಿನ ಕಡೆಗೆ ಹೋಯಿತು. ಊರಿನಲ್ಲಿ ಎಲ್ಲೋ ಒಂದು ಬಾಗಿಲು ಹಾಕಿಕೊಂಡಿತು.

ಚೂರಿ ಧರ್ಮಪ್ಪನ ಕೈಯಿಂದ ಜಾರಿತು.

“ಇಲ್ಲ,” ಎಂದ. “ಅದು ನೀರಲ್ಲಿದೆ. ನಾನೇ ಎಸೆದದ್ದು.”

ಅವನು ಮಾತಾಡುತ್ತಲೇ ಹೋದ, ನಮ್ಮನ್ನು ಮರೆತು, ಗುಡ್ಡಕ್ಕೆ ಮುಖ ಮಾಡಿ. “ಹಿನ್ನೀರು ತುಂಬಿತ್ತು. ಮುಳುಗಿದ ಊರಿನ ದೇವಸ್ಥಾನದ ನೆಲೆಗೆ ದೋಣೀಲಿ ಹುಟ್ಟು ಹಾಕ್ಕೊಂಡು ಹೋಗಿ ಹಾಕಿದೀನಿ. ತಳ ಮುಟ್ಟಿದ್ದು ಕೇಳಿದೀನಿ. ಅದು ಹೆಂಗೆ ಕೂಗುತ್ತೆ? ವಾಸಪ್ಪ, ಸಾಕು ಬಿಡೋ. ಸಾಕು ಮಾಡೋ.”

ಶಿವಶಂಕರಪ್ಪ ಹೋಗಿ ಅವನ ಮಣಿಕಟ್ಟು ಹಿಡಿದರು. ಎಣ್ಣೆಗೆ ಒಂದು ಸಲ ಜಾರಿತು, ಮತ್ತೆ ಹಿಡಿದರು. ಧರ್ಮಪ್ಪ ಕೊಸರಾಡಲಿಲ್ಲ. ಅಳುತ್ತಿದ್ದ.

ನನಗೆ ಸಂತೋಷವಾಯಿತು. ಒಂದು ಗಳಿಗೆ ಮಾತ್ರ. ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಳಿಗೆ ಸಿಕ್ಕರೆ ನಿಲ್ಲುತ್ತದೆ. ಅದನ್ನು ವಾಸಪ್ಪನ ಮರಕ್ಕೆ ಕೂರಿಸಿ, ಅದೇ ಗಜ ಇಳಿಸಿ, ತಲೆ ಸಮ ನಿಂತರೆ ಕಿರಣ ಮನೆಗೆ ಬರುತ್ತಾನೆ.

ಕಾರ್ತಿಕದಲ್ಲಿ ಹಿನ್ನೀರು ತುಂಬಿರುತ್ತದೆ. ಈಗ ವೈಶಾಖ. ನೀರು ಹಿಂದೆ ಸರಿದು, ಮುಳುಗಿದ ಊರಿನ ಗದ್ದೆಯ ಅಂಚು, ದೇವಸ್ಥಾನದ ಕಟ್ಟೆ ಎಲ್ಲ ಕೆಸರಿನಲ್ಲಿ ಎದ್ದಿವೆ. ಯಾರು ಬೇಕಾದರೂ ನಡೆದುಕೊಂಡು ಹೋಗಬಹುದು. ಈ ದಂಡೆಯಲ್ಲೇ ಹುಟ್ಟಿ ಬೆಳೆದ ಧರ್ಮಪ್ಪನಿಗೆ ಎಸೆಯುವಾಗ ಬೇಸಿಗೆಯ ನೆನಪೇ ಆಗಿರಲಿಲ್ಲ.

ಯಾರು ಹೋದರು?

ನಾನು ಯಮುನಮ್ಮನ ಕೈ ನೋಡಿದೆ. ಬೆಳಿಗ್ಗೆ ಅದೇ ಕೈ ಬೆರಳು ಚಾಚಿ ತೋರಿಸಿತ್ತು, ನಾನು ಬೆರಳಿನ ದಪ್ಪ ನೋಡಿದೆನೇ ಹೊರತು ಉಗುರು ನೋಡಿರಲಿಲ್ಲ. ಉಗುರಿನ ಸಂದಿಯಲ್ಲಿ ಇಟ್ಟಿಗೆ ಬಣ್ಣ. ಸೆರಗಿನ ಅಂಚಿನಲ್ಲೂ ಅದೇ. ತುಕ್ಕು.

“ಯಮುನಕ್ಕ,” ಎಂದೆ ಮೆಲ್ಲಗೆ. “ಅದು ನಿಮಗೆ ಸಿಕ್ಕಿದೆ. ನನಗ್ಯಾಕೆ ಹೇಳಲಿಲ್ಲ?”

“ಆರು ತಿಂಗಳು ಹೇಳಿದೀನಿ, ಅವತ್ತು ಕೇಳಿದ್ದು ನಮ್ಮ ಕೋವಿ ಸದ್ದಲ್ಲ ಅಂತ. ಯಾರು ಕೇಳಿದ್ರಿ?” ಅವರ ದನಿ ಏರಲಿಲ್ಲ. “ನಾನು ಹೇಳಿದ್ರೆ ಆಗಲ್ಲ. ಅದೇ ಹೇಳ್ಲಿ ಅಂತ ಬಿಟ್ವಿ.”

“ಮರ ಇಲ್ಲ, ಕುದುರೆ ಇಲ್ಲ. ಹೇಗೆ ಹೊಡೀತೀರಿ?”

“ನಳಿಗೆನ ಮಾವಿನ ಮರಕ್ಕೆ ಬಿಗಿದಿದೀವಿ. ಕೇಪಿನ ಮೇಲೆ ಕತ್ತಿ ಹಿಂಬದಿಯಿಂದ ಬಡಿದ್ರೆ ಸಾಕು.”

ನನಗೆ ಸಿಟ್ಟು ಬಂತು, ಆಮೇಲೆ ಭಯ ಬಂತು. ಕಿರಣನನ್ನು ಉಳಿಸಬಲ್ಲ ಒಂದೇ ಒಂದು ಕಬ್ಬಿಣ. ಆರು ತಿಂಗಳು ಕೆಸರು ತಿಂದಿದೆ. ಬಾಯಲ್ಲಿ ಮೊದಲೇ ಸೀಳು. ಅದಕ್ಕೆ ದಿನ ಬಿಟ್ಟು ದಿನ ಮದ್ದು ಜಡಿದು ಬೆಂಕಿ ಕೊಡುತ್ತಿದ್ದಾರೆ. ನಳಿಗೆ ಸಿಡಿದರೆ?

“ಬಡಿಯೋದು ಯಾರು? ಈಗಲೇ ನಿಲ್ಲಿಸಕ್ಕೆ ಹೇಳಿ. ಇನ್ನೊಂದು ಈಡು ಬೇಡ.”

“ಬೇರೆ ದಿನ ಬಡೀತಿದ್ದಿದ್ದು ನಾನು. ಎರಡು ಹೊಡೀರಿ ಅಂದಿದ್ದೆ,” ಎಂದರು ಯಮುನಮ್ಮ. “ಇವತ್ತು ನಾವೆಲ್ಲ ಇಲ್ಲಿರ್ತೀವಿ, ಇವನಿಗೆ ಚೆನ್ನಾಗಿ ಕೇಳ್ಲಿ ಅಂತ.”

ಅವರ ಮಾತು ಮುಗಿಯುವಷ್ಟರಲ್ಲಿ ಎರಡನೆಯದು ಬಿತ್ತು.

ಇದು ಢಂ ಎನ್ನಲಿಲ್ಲ. ಒಣ ಬಿದಿರು ಸೀಳಿದ ಹಾಗೆ ಚಟ್ಟನೆ ಒಂದು ಸದ್ದು, ಅಷ್ಟೇ. ನಾವೆಲ್ಲ ಕಿವಿಗೊಟ್ಟು ನಿಂತೆವು, ಧರ್ಮಪ್ಪ ಕೂಡ ಅಳು ನಿಲ್ಲಿಸಿ. ಎಳೆತ ಬರಲಿಲ್ಲ. ಗುಡ್ಡ ಸುಮ್ಮನಿತ್ತು.

ಯಮುನಮ್ಮ ಎದ್ದು ನಿಂತರು. ಗಂಡನ ಹೆಣ ತಂದಾಗಲೂ, ತಮ್ಮನಿಗೆ ಬೇಡಿ ಹಾಕಿದಾಗಲೂ ದನಿ ಎತ್ತದಿದ್ದ ಹೆಂಗಸು ಅವರು. ಸೆರಗು ಜಾರಿದ್ದನ್ನೂ ನೋಡದೆ ಅಂಗಳ ದಾಟಿ, ಗದ್ದೆಗೆ ಇಳಿದು, ಗುಡ್ಡದ ಕಡೆಗೆ ಓಡಿದರು.

“ಅತ್ತೇ,” ಎಂದು ಕೂಗುತ್ತಿದ್ದರು. “ಅತ್ತೇ, ಅತ್ತೇ.”

ಗುಡ್ಡದಿಂದ ಯಾರೂ ಓಗೊಡಲಿಲ್ಲ.